ಹಳೇ ಬಟ್ಟೆಗೆ ಸ್ಟೀಲ್ ಬಟ್ಟಲು

ನಮ್ಮ ದೊಡ್ಡಮ್ಮನ ಮನೆಗೆ ಹೊರಟವರಿಗೆಲ್ಲ ನಮ್ಮಮ್ಮ ಒಂದು ಎಚ್ಚರಿಕೆ ಕೊಟ್ಟೇ ಕಳಿಸುತ್ತಿದ್ದಳು: "ಮೈಮೇಲಿನ ಬಟ್ಟೆ ಜೋಪಾನ!" ಅಲ್ಲೇನು ಕಳ್ಳರ ಕಾಟವೇ ಎಂದು ಹೆದರಬೇಡಿ. ಕಳ್ಳರಾದರೂ ವಾಸಿ, ಬಾಗಿಲು ಹಾಕಿಕೊಂಡರೆ ಹೊರಗೇ ಇರುತ್ತಾರೆ. ದೊಡ್ಡಮ್ಮ ಮನೆಯೊಳಗೇ ಇರುತ್ತಿದ್ದಳಲ್ಲ!

ವಿಷಯ ಇಷ್ಟೆ. ಎಂಬತ್ತರ ದಶಕದ ವಿಜಯನಗರದ ಬೀದಿಗಳಲ್ಲಿ ಬುಟ್ಟಿ ಹೊತ್ತ ಹೆಂಗಸರು "ಹಳೇ ಬಟ್ಟೆಗೆ ಸ್ಟೀಲ್ ಪಾತ್ರೇ..." ಎಂದು ಕೂಗುತ್ತ ಬರುತ್ತಿದ್ದರು. ಆ ಕೂಗು ಕಿವಿಗೆ ಬಿದ್ದರೆ ಸಾಕು, ದೊಡ್ಡಮ್ಮ ಒಲೆಯ ಮೇಲಿನ ಹಾಲನ್ನೂ ಮರೆತು ಗೇಟಿಗೆ ಓಡುತ್ತಿದ್ದಳು. ನಾವು ನೀವು ಅಂಗಿ ಕಂಡರೆ ಅಂಗಿ ಅನ್ನುತ್ತೇವೆ. ದೊಡ್ಡಮ್ಮನ ಕಣ್ಣಿಗೆ ಅದು ದಬರಿ! ನಾನು ಹೊಸ ಲಂಗ ತೊಟ್ಟು ಕುಣಿಯುತ್ತ ಹೋದರೆ, ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, "ಚೆನ್ನಾಗಿದೆ ಕಣೇ. ಚಿಕ್ಕದಾದ್ಮೇಲೆ ಬಿಸಾಕ್ಬೇಡ, ಮುಚ್ಚಳ ಇರೋ ಡಬ್ಬಿ ಬರುತ್ತೆ" ಅನ್ನುತ್ತಿದ್ದಳು.

ಪಾಪ, ದೊಡ್ಡಪ್ಪ! ಒಂದು ಸೋಮವಾರ ಆಫೀಸಿಗೆ ಹೊರಡುವ ಹೊತ್ತಿಗೆ ಅವರ ಬೂದು ಬಣ್ಣದ ಪ್ಯಾಂಟು ಕಾಣಲಿಲ್ಲ. ಬೀರು, ಹಗ್ಗ, ಹಾಸಿಗೆಯ ಅಡಿ ಎಲ್ಲ ತಡಕಿ, "ಲೇ, ನನ್ನ ಪ್ಯಾಂಟೆಲ್ಲೇ?" ಎಂದು ಪಂಚೆಯಲ್ಲೇ ಕೂಗಾಡಿದರು. ದೊಡ್ಡಮ್ಮ ನಿಧಾನವಾಗಿ ಬಂದು, ಫಳಫಳ ಹೊಳೆಯುವ ಟಿಫನ್ ಕ್ಯಾರಿಯರ್ ಮುಂದಿಟ್ಟು, "ಇಲ್ಲೇ ಇದೆಯಲ್ರೀ. ಚಿತ್ರಾನ್ನ ಹಾಕಿದೀನಿ, ಬಿಸಿ ಇದೆ" ಅಂದಳು. ಅಂದಿನಿಂದ ದೊಡ್ಡಪ್ಪ ತಮ್ಮ ಮದುವೆಯ ಕೋಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಚಳಿ ಹೆಚ್ಚಾದ ದಿನ ಮಾತ್ರ ಕೋಟು ಈಚೆ ಬರುತ್ತಿತ್ತು, ಅದೂ ಅವರ ಮೈಮೇಲೆಯೇ.

ಸಂಕ್ರಾಂತಿಗೆ ನಾವು ಕೆಂಗೇರಿಯಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆವು. ಚಳಿಗಾಲದ ಸುಖ ಅಂದರೆ ನನಗೆ ಇವತ್ತಿಗೂ ದೊಡ್ಡಮ್ಮನ ಮನೆಯ ತಾರಸಿಯೇ. ಅಮ್ಮ, ದೊಡ್ಡಮ್ಮ ಇಬ್ಬರನ್ನೂ ಹೆತ್ತ ನಮ್ಮಜ್ಜಿಯ ಒಂದು ಹಳೆಯ ನೂಲಿನ ಸೀರೆ ಇತ್ತು. ಅದನ್ನು ಹಾಸಿ, ಅವರೆಕಾಯಿ ಗುಡ್ಡೆ ಹಾಕಿ, ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಎಲ್ಲರೂ ಸುತ್ತ ಕೂರುತ್ತಿದ್ದೆವು. ಅಜ್ಜಿ ಹೋಗಿ ಎಷ್ಟೋ ವರ್ಷಗಳಾಗಿದ್ದವು. ತನ್ನ ಬಣ್ಣ ಯಾವುದಿತ್ತು ಎಂಬುದು ಆ ಸೀರೆಗೇ ಮರೆತುಹೋಗಿತ್ತು. ಕೈಯೆಲ್ಲ ಸೊಗಡು, ಬಾಯಿ ತುಂಬ ಹರಟೆ. ಇನ್ನೇನು ಬೇಕು ಹೇಳಿ?

ಆದರೆ ಒಂದು ವರ್ಷ ದೊಡ್ಡಮ್ಮನಿಗೆ ಇನ್ನೂ ಬೇಕಾಗಿತ್ತು! ಹಿಂದಿನ ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಎದುರುಮನೆಯಾಕೆ, ಎಳ್ಳುಬೆಲ್ಲವನ್ನು ಹೊಸ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಡಬ್ಬಿ ಸಮೇತ ಕೊಟ್ಟುಬಿಟ್ಟಿದ್ದರು. ದೊಡ್ಡಮ್ಮ ತಿರುಗಿ ಕೊಟ್ಟದ್ದು ಕಾಗದದ ಪೊಟ್ಟಣ. "ಪೊಟ್ಟಣಾನಾ? ಪರವಾಗಿಲ್ಲ ಬಿಡಿ" ಎಂದು ಆಕೆ ನಕ್ಕಿದ್ದರಂತೆ. ಆ ನಗು ದೊಡ್ಡಮ್ಮನಿಗೆ ವರ್ಷವಿಡೀ ಅರಗಲಿಲ್ಲ. "ಈ ಸಲ ಬೀದಿಗೆಲ್ಲ ಸ್ಟೀಲ್ ಬಟ್ಟಲಲ್ಲೇ ಬೀರ್ತೀನಿ, ನೋಡ್ತಾ ಇರು!" ಎಂದು ಹಟ ಹಿಡಿದಳು. ಕಿಟಕಿಯ ಪರದೆಗಳು ಹೋದವು, ದಿಂಬಿನ ಗವಸುಗಳು ಹೋದವು. ಹಬ್ಬಕ್ಕೆ ಬಂದ ನಮ್ಮಪ್ಪ ಪ್ಯಾಂಟು, ಅಂಗಿ ಎರಡನ್ನೂ ಬಚ್ಚಲಿಗೇ ತೆಗೆದುಕೊಂಡು ಹೋಗಿ ಸ್ನಾನ ಮಾಡಿದರು.

ಹಬ್ಬದ ಹಿಂದಿನ ದಿನ ಪಾತ್ರೆಯಾಕೆ ಬಂದಾಗ ದೊಡ್ಡಮ್ಮ ಎಳ್ಳು ಹುರಿಯುತ್ತಿದ್ದಳು. "ರೀ, ಗಂಟು ಕಟ್ಟಿಟ್ಟಿದೀನಿ, ಕೊಟ್ಟು ಬಟ್ಟಲು ಇಸ್ಕೊಳ್ರೀ!" ಎಂದು ಒಳಗಿಂದಲೇ ಕೂಗಿದಳು. ಪಾತ್ರೆಯಾಕೆ ಗಂಟು ಬಿಚ್ಚಿ ನೋಡಿ, "ಸಾಲಲ್ಲ ಸಾಮಿ. ಇನ್ನೊಂದು ಹಾಕಿ. ಹರಿದಿದ್ರೂ ಆಯ್ತು, ಗ್ಯಾರೇಜಲ್ಲಿ ಒರೆಸೋಕೆ ತಗೋತಾರೆ" ಅಂದಳು. ದೊಡ್ಡಪ್ಪ ಅತ್ತಿತ್ತ ನೋಡಿ ತಾರಸಿಗೆ ಹೋಗಿ ಬಂದರು. ಆಮೇಲೆ ಬಟ್ಟಲುಗಳನ್ನು ಎದೆಗವಚಿಕೊಂಡು ಅಡುಗೆಮನೆಗೆ ನುಗ್ಗಿ, "ನೋಡೇ, ನನಗೂ ವ್ಯಾಪಾರ ಬರುತ್ತೆ! ಆ ಅವರೆಕಾಯಿ ಹಾಸೋ ಚಿಂದಿ ಕೊಟ್ಟು ಇಷ್ಟು ತಂದೆ!" ಎಂದು ಮೀಸೆ ತಿರುವಿದರು.

ದೊಡ್ಡಮ್ಮನ ಕೈಯ ಸೌಟು ನಿಂತಿತು. "ಅಮ್ಮನ ಸೀರೆ ಕೊಟ್ಬಿಟ್ರಾ?"

ಎಳ್ಳು ಸೀದರೆ ಸೀಯಲಿ ಎಂದು, ಅಷ್ಟು ದಿನದಿಂದ ಕೂಡಿಟ್ಟ ಬಟ್ಟಲಿನ ಚೀಲವನ್ನೇ ಎತ್ತಿಕೊಂಡು ಬರಿಗಾಲಲ್ಲಿ ಓಡಿದಳು. ಹಿಂದೆ ನಾನು. ಹೊಸಹಳ್ಳಿಯ ತಿರುವಿನಲ್ಲಿ ಪಾತ್ರೆಯಾಕೆ ಸಿಕ್ಕಳು. "ಕೊಟ್ಟಿದ್ದು ವಾಪಸ್ ಕೊಡೋ ಪದ್ಧತಿ ಇಲ್ಲಮ್ಮ" ಅಂದಳು ಆಕೆ. ಒಂದು ಸೌಟಿಗೆ ಅರ್ಧ ದಿನ ಚೌಕಾಸಿ ಮಾಡುತ್ತಿದ್ದ ದೊಡ್ಡಮ್ಮ, ಎರಡನೇ ಮಾತಿಲ್ಲದೆ ಚೀಲವನ್ನು ಅವಳ ಬುಟ್ಟಿಗೆ ಸುರಿದಳು.

"ಎಲ್ಲಾ ತಗೋ. ಅದೊಂದು ಕೊಟ್ಬಿಡಮ್ಮ."

ದೊಡ್ಡಮ್ಮನ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

ಅಷ್ಟರಲ್ಲಿ ಏದುಸಿರು ಬಿಡುತ್ತ ದೊಡ್ಡಪ್ಪ ಬಂದರು. ಕೈಯಲ್ಲಿ ಟ್ರಂಕಿನ ಕೋಟು! "ತಗೊಳ್ಳಮ್ಮ, ಸೀರೆ ಬದಲು ಇದನ್ನ ಇಟ್ಕೋ. ಬಟ್ಟಲು ಇವಳಿಗೇ ಇರಲಿ. ವರ್ಷದಿಂದ ಆಸೆಪಟ್ಟಿದಾಳೆ" ಅಂದರು. ಪಾತ್ರೆಯಾಕೆ ಕೈ ಚಾಚಿದಳು. ಬಟ್ಟೆ ಕಂಡರೆ ಬಿಡದ ನಮ್ಮ ದೊಡ್ಡಮ್ಮ ಕೋಟನ್ನು ಕಿತ್ತುಕೊಂಡು ಗಂಡನ ಹೆಗಲಿಗೆ ಹೊದಿಸಿ, "ಈ ಚಳೀಲಿ ಬರೀ ಬನಿಯನ್ನಲ್ಲಿ ಬಂದಿದೀರಲ್ರೀ! ಹಾಕ್ಕೊಳ್ಳಿ ಮೊದ್ಲು" ಎಂದು ಗದರಿದಳು. ಒಂದು ಬಟ್ಟೆ ಅವಳ ಕಣ್ಣಿಗೆ ಕೊನೆಗೂ ಬಟ್ಟೆಯಾಗಿ ಕಂಡಿತ್ತು!

ಬಟ್ಟಲೆಲ್ಲ ಸೀರೆಗೆ ಹೋಗಿದ್ದವಲ್ಲ, ಹಬ್ಬದ ದಿನ ಬೀದಿಗೆಲ್ಲ ಮತ್ತೆ ಕಾಗದದ ಪೊಟ್ಟಣವೇ. "ಈ ವರ್ಷಾನೂ ಪೊಟ್ಟಣಾನಾ?" ಎಂದು ಎದುರುಮನೆಯಾಕೆ ಕೇಳಿದರು. "ಹೂಂ ರೀ. ಎಳ್ಳು ಒಂಚೂರು ಸೀದಿದೆ, ಬೆಲ್ಲ ಜಾಸ್ತಿ ಹಾಕಿದೀನಿ" ಎಂದು ದೊಡ್ಡಮ್ಮ ನಕ್ಕುಬಿಟ್ಟಳು.

ಮಾರನೆಯ ಬೆಳಗ್ಗೆ ತಾರಸಿಯಲ್ಲಿ ಮತ್ತೆ ಬಿಸಿಲು, ಮತ್ತೆ ಅವರೆಕಾಯಿ. ಸುಲಿದು ಮುಗಿದ ಮೇಲೆ ದೊಡ್ಡಮ್ಮ ಸೀರೆಯ ಮೇಲಿನ ಸಿಪ್ಪೆ ಕೊಡವಿ, ಅದನ್ನು ಮಡಿಸಿ, ಮುಖಕ್ಕೆ ಒತ್ತಿಕೊಂಡಳು.

"ಅಜ್ಜಿ ವಾಸನೆ ಇದೆಯಾ ದೊಡ್ಡಮ್ಮ?" ಎಂದೆ.

"ಇಲ್ಲ ಕಣೇ, ಬರೀ ಅವರೆಕಾಯಿ ವಾಸನೆ" ಅಂದಳು. ಆಮೇಲೆ ಸೀರೆಯನ್ನು ನನ್ನ ಕೆನ್ನೆಗೆ ತಾಗಿಸಿದಳು. "ಚಳಿಗಾಲ ಬಂದ್ರೆ ಅಮ್ಮನ ಕೈಲೂ ಇದೇ ವಾಸನೆ ಇರ್ತಿತ್ತು."