ಕರ್ನಲ್ ಮೀಸೆಗೆ ಕತ್ತರಿ

ಋಣ ತೀರಿಸಲು ಹೊರಟವನ ಕೈಯಲ್ಲಿ ಕತ್ತರಿ ಇರಬಾರದು. ನೀಟಣ್ಣನ ಕೈಯಲ್ಲಿ ಇತ್ತು. ಆದದ್ದೆಲ್ಲ ಅದರಿಂದಲೇ.

ಅವನ ನಿಜವಾದ ಹೆಸರು ಹೆಂಡತಿಗೂ ಮರೆತುಹೋಗಿತ್ತು. ಕುರ್ಚಿಯಲ್ಲಿ ಕೂತ ಪ್ರತಿಯೊಬ್ಬರ ಕುತ್ತಿಗೆಗೂ ಬಿಳಿ ಬಟ್ಟೆ ಸುತ್ತುತ್ತ "ನೀಟಾಗಿ ಮಾಡ್ಬಿಡ್ತೀನಿ, ನೋಡ್ತಾ ಇರಿ" ಎನ್ನುವ ಅಭ್ಯಾಸದಿಂದ ಬೀದಿಯವರು ಅವನನ್ನು ನೀಟಣ್ಣ ಮಾಡಿದ್ದರು. ನೀಟು ಅವನಿಗೆ ಬರೀ ಕಸುಬಲ್ಲ, ಕಾಯಿಲೆ. ಹಿಂದಿನ ತಿಂಗಳು ಅಂಗಡಿಯ ಪಕ್ಕದ ಸೌತೆಬಳ್ಳಿಯ ಸುರುಳಿ ಎಳೆಗಳು ಬಾಚದ ತಲೆಯಂತೆ ಕಂಡವೆಂದು ಎಲ್ಲವನ್ನೂ ಕತ್ತರಿಸಿ ಒಪ್ಪ ಮಾಡಿದ್ದ. ಮರುದಿನ ಗಾಳಿ ಬೀಸಿತು, ಬಳ್ಳಿ ಕಂಬಿಯಿಂದ ಜಾರಿ ನೆಲಕ್ಕೆ ಬಿತ್ತು. ತಾನು ಕತ್ತರಿಸಿದ್ದು ಬಳ್ಳಿಯ ಕೂದಲನ್ನಲ್ಲ, ಕೈಗಳನ್ನು ಎಂದು ಅವನಿಗೆ ತಿಳಿದದ್ದು ಆಮೇಲೆ.

ಆಗಲೂ ದೊಡ್ಡಮ್ಮ ಬೈಯಲಿಲ್ಲ. ದೊಡ್ಡಮ್ಮ ಎಂದರೆ ಆ ಬಳ್ಳಿಯ, ಅಂಗಡಿಯಿದ್ದ ಮನೆಯ ಒಡತಿ, ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತರಾದವರು. ಹುಟ್ಟಿನಿಂದ ಕಣ್ಣು ಕಾಣದು. ರಸ್ತೆ ಅಗಲ ಮಾಡುವವರು ನೀಟಣ್ಣನ ಹಳೆಯ ಅಂಗಡಿಯನ್ನು ಕೆಡವಿದ ದಿನ ಅವನು ತಿರುಗುವ ಕುರ್ಚಿಯನ್ನು ಬೀದಿಯಲ್ಲಿಟ್ಟು, ಅದರ ಮೇಲೆ ತಾನೇ ಕೂತು ಅಳುತ್ತಿದ್ದ. ಸದ್ದು ಕೇಳಿ ಬಾಗಿಲು ತೆರೆದವರು ಇವರೊಬ್ಬರೇ. "ಕುರ್ಚಿ ಒಳಗೆ ತಗೊಂಡು ಬಾರಪ್ಪ, ಮುಂದಿನ ಕೋಣೆ ಖಾಲಿ ಇದೆ. ಕತ್ತರಿ ಸದ್ದು ಕೇಳ್ತಾ ಇದ್ರೆ ನಂಗೂ ಮನೇಲಿ ಜನ ಇದ್ದ ಹಾಗಿರುತ್ತೆ" ಎಂದಿದ್ದರು. ಆ ಮಾತು ನೆನಪಾದಾಗಲೆಲ್ಲ ನೀಟಣ್ಣ ಈಗಲೂ ಒಳಬಾಗಿಲ ಕಡೆ ತಿರುಗಿ ಕೈ ಮುಗಿಯುತ್ತಾನೆ. ಬಾಯಲ್ಲಿ ಹೇಳಿ ಮುಗಿಸುವ ಉಪಕಾರವಲ್ಲ ಅದು.

ಅಂದು ಬೆಳಿಗ್ಗೆ ದೊಡ್ಡಮ್ಮ ಹಳೆಯ ಗೆಳತಿಯರ ಕೂಟಕ್ಕೆ ಹೊರಟು ನಿಂತಿದ್ದರು. ಕಂಕುಳಲ್ಲಿ ಅವರ ಬೆಕ್ಕು, ಕರ್ನಲ್. ಆ ಮನೆಯಲ್ಲಿ ಅವರಿಗೆ ಮಗ, ಮೊಮ್ಮಗ, ಕಾವಲುಗಾರ ಎಲ್ಲ ಅದೊಂದೇ.

"ಸಂಜೆವರೆಗೂ ಇವನನ್ನ ನೋಡ್ಕೊ. ನೀನಿದ್ದೀಯಲ್ಲ, ನಂಗೆ ಯೋಚನೆ ಇಲ್ಲ" ಎಂದು ಬೆಕ್ಕನ್ನು ಅವನ ಕೈಗಿತ್ತು ಕಾರು ಹತ್ತಿದರು.

ಯೋಚನೆ ಇಲ್ಲ! ನೀಟಣ್ಣನ ಎದೆ ತುಂಬಿ ಬಂತು. ಇಂಥ ತಾಯಿಗೆ ತಾನೇನು ಮಾಡಿದ್ದೇನೆ ಎಂದು ಕುರ್ಚಿಯ ಮೇಲೆ ಕೂತ ಕರ್ನಲ್‌ನನ್ನು ನೋಡಿದ. ಕರ್ನಲ್ ಎಂಬ ಹೆಸರು ಬಂದದ್ದೇ ಮೀಸೆಯಿಂದ. ಆದರೆ ಆ ಮೀಸೆಯಲ್ಲಿ ಶಿಸ್ತಿರಲಿಲ್ಲ. ಎಡಗಡೆ ಉದ್ದ, ಬಲಗಡೆ ಗಿಡ್ಡ, ಒಂದೆರಡು ಕೂದಲು ಮೇಲಕ್ಕೆ, ಉಳಿದವು ಎತ್ತಲೋ.

"ನೀಟಾಗಿ ಮಾಡ್ಬಿಡ್ತೀನಿ, ನೋಡ್ತಾ ಇರು" ಎಂದ ನೀಟಣ್ಣ. ಕರ್ನಲ್ ನಂಬಿ ಕಣ್ಣು ಮುಚ್ಚಿತು.

ಎಡಗಡೆ ಸ್ವಲ್ಪ ತೆಗೆದ. ಬಲಗಡೆ ಉದ್ದವಾಯಿತು. ಬಲಗಡೆ ತೆಗೆದ. ಎಡಗಡೆ ಉದ್ದವಾಯಿತು. ಸಮ ಮಾಡುತ್ತ ಮಾಡುತ್ತ ಕೊನೆಗೆ ಎರಡೂ ಕಡೆ ಸಮವಾಯಿತು, ಏಕೆಂದರೆ ಎರಡೂ ಕಡೆ ಏನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಶೇವಿಂಗಿಗೆ ಬಂದವರು ಜೀವಶಾಸ್ತ್ರದ ನಿವೃತ್ತ ಮೇಷ್ಟ್ರು. ಮುಖಕ್ಕೆ ನೊರೆ ಹಚ್ಚಿಸಿಕೊಂಡು, ಒಂದು ಕೆನ್ನೆ ಮುಗಿಯುವ ಹೊತ್ತಿಗೆ ಕನ್ನಡಿಯಲ್ಲಿ ಬೆಕ್ಕನ್ನು ಕಂಡು ಎದ್ದು ನಿಂತರು.

"ಏನಯ್ಯಾ ಇದು? ಮೀಸೆ ಎಲ್ಲಿ?"

"ಟ್ರಿಮ್ ಮಾಡ್ದೆ ಸಾರ್. ಎಷ್ಟು ಲಕ್ಷಣವಾಗಿದೆ ಅಲ್ವಾ?"

"ಲಕ್ಷಣ ಅಂತೆ! ಅದೇನು ನನ್ನ ನಿನ್ನ ಮೀಸೆ ಥರ ಚಂದಕ್ಕಿರೋದು ಅಂದ್ಕೊಂಡ್ಯಾ? ಒಂದೊಂದು ಕೂದಲ ಬುಡದಲ್ಲೂ ನರಗಳ ಗೊಂಚಲಿದೆ ಕಣಯ್ಯಾ. ಮೂಗಿನ ತುದೀಲಿರೋದು ಬೆಕ್ಕಿನ ಕಣ್ಣಿಗೆ ಸರಿಯಾಗಿ ಕಾಣಲ್ಲ, ಮೀಸೇಲೇ ಮುಟ್ಟಿ ತಿಳ್ಕೊಳ್ಳುತ್ತೆ. ಸಂದಿಗೆ ಮೊದಲು ಮೀಸೆ ತೂರಿಸುತ್ತೆ. ಮೀಸೆ ಹಿಡಿಸಿದ್ರೆ ಮೈ ಹಿಡಿಸುತ್ತೆ ಅಂತ ಲೆಕ್ಕ. ನಿನ್ನಿಂದ ಟೇಪು, ಕಣ್ಣು, ಕೋಲು ಮೂರನ್ನೂ ಕಿತ್ಕೊಂಡ್ರೆ ಹೇಗಿರುತ್ತೆ?"

ಮೇಷ್ಟ್ರ ಪಾಠಕ್ಕೆ ಉದಾಹರಣೆ ಬೇಕಿತ್ತೋ ಏನೋ, ಕರ್ನಲ್ ಕನ್ನಡಿಯ ಕೆಳಗಿನ ಹಲಗೆಗೆ ಹಾರಿತು. ಪೌಡರ್ ಡಬ್ಬಿಗೆ ಮೂತಿ ಗುದ್ದಿ, ಡಬ್ಬಿಯ ಸಮೇತ ಕೆಳಗೆ ಬಿದ್ದು, ಬೆಳ್ಳಗೆ ದೆವ್ವದಂತೆ ಎದ್ದು ಬಾಗಿಲಾಚೆ ಓಡಿತು. ಓಡಿದ್ದು ಈ ಅಂಗಡಿಗೂ ಪಕ್ಕದ ಟೈಲರ್ ಅಂಗಡಿಗೂ ನಡುವಿನ ಸಂದಿಗೆ. ದಿನವೂ ಆ ಸಂದಿಯ ಬಾಯಲ್ಲಿ ನಿಂತು, ಮೂತಿ ಇಟ್ಟು ನೋಡಿ, ಬೇಡವೆಂದು ಹಿಂದಿರುಗುತ್ತಿದ್ದ ಬೆಕ್ಕು ಇಂದು ಸೀದಾ ನುಗ್ಗಿತು. ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಅರಚತೊಡಗಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಅಂದು ಪ್ರಾಣಸಂಕಟ ಬೆಕ್ಕಿನದೇ.

ಟೈಲರ್ ಕುತ್ತಿಗೆಯ ಟೇಪು ಸಮೇತ ಓಡಿ ಬಂದ. ಯಾರೂ ಕೇಳದಿದ್ದರೂ ಸಂದಿಯ ಅಳತೆ ತೆಗೆದ.

"ಬೆಕ್ಕು ದೊಡ್ಡದು, ಸಂದಿ ಚಿಕ್ಕದು" ಎಂದು ತೀರ್ಪು ಕೊಟ್ಟ.

"ಅದು ನಂಗೂ ಗೊತ್ತಣ್ಣ! ತೆಗೆಯೋದು ಹೇಗೆ ಹೇಳು!"

ಬೀದಿಯಲ್ಲಿ ಸಲಹೆಗೆ ಬರವೇ? ಬಾಲ ಹಿಡಿದು ಎಳೆ ಎಂದರು. ಬಾಲ ಸಿಗುತ್ತಿರಲಿಲ್ಲ. ಮೀನು ತೋರಿಸು ಎಂದರು. ಆ ತುದಿಯಿಂದ ತೋರಿಸಿದಾಗ ಬೆಕ್ಕು ಇನ್ನಷ್ಟು ಮುಂದಕ್ಕೆ ತುರುಕಿಕೊಂಡಿತು. ಗೋಡೆ ಒಡೆ ಎಂದ ಒಬ್ಬ ಪುಣ್ಯಾತ್ಮ. ಮಧ್ಯಾಹ್ನವೆಲ್ಲ ಕರ್ನಲ್ ಕೂಗಿತು, ನೀಟಣ್ಣ ಸಂದಿಯ ಬಾಯಲ್ಲಿ ಕೂತು "ತಪ್ಪಾಯ್ತು ಕಣೋ, ತಪ್ಪಾಯ್ತು" ಎಂದು ಅದಕ್ಕಿಂತ ಜೋರಾಗಿ ಕೂಗಿದ. ಬೆಕ್ಕಿಗೆ ಏನಾದರೂ ಆದರೆ ದೊಡ್ಡಮ್ಮನಿಗೆ ಹೇಗೆ ಮುಖ ತೋರಿಸುವುದು? ಅವರಿಗೆ ಮುಖ ಕಾಣದು, ನಿಜ. ಅದರಿಂದ ಅವನ ನಾಚಿಕೆ ಇನ್ನಷ್ಟು ಹೆಚ್ಚಿತು.

ಕೊನೆಗೆ ಉಪಾಯ ಹೊಳೆದದ್ದು ಟೈಲರ್‌ಗೆ. ಅಂಗಡಿಯಲ್ಲಿದ್ದ ತಲೆಗೆ ಹಚ್ಚುವ ಎಣ್ಣೆಯನ್ನೆಲ್ಲ ಮೇಲಿನಿಂದ ಸುರಿದರು. ಟೈಲರ್ ಆ ಕಡೆಯಿಂದ ಬಟ್ಟೆ ಸುತ್ತಿದ ಪೊರಕೆಯಲ್ಲಿ ಮೆಲ್ಲಗೆ ನೂಕಿದ, ನೀಟಣ್ಣ ಈ ಕಡೆ ಟವೆಲ್ ಹಿಡಿದು ನಿಂತ. ಪುಸಕ್ಕನೆ ಜಾರಿ ಬಂದ ಕರ್ನಲ್ ಅವನ ಎದೆಗೆ ಬಿತ್ತು. ನೀಟಣ್ಣ ಅದನ್ನು ಅಪ್ಪಿಕೊಂಡು ಅತ್ತುಬಿಟ್ಟ. "ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಅಣ್ಣ" ಎಂದು ಟೈಲರ್‌ನ ಕೈಯನ್ನು ಎಣ್ಣೆಗೈಯಲ್ಲಿ ಹಿಡಿದ. ಕೆಲಸ ಬಿಟ್ಟು ತನಗಾಗಿ ನಿಂತ ಈ ಜನರನ್ನು ನೋಡಿದರೆ, ತನ್ನ ಯೋಗ್ಯತೆಗೆ ಇಷ್ಟು ಒಳ್ಳೆಯ ಬೀದಿ ಹೆಚ್ಚಾಯಿತು ಎನಿಸಿತು ಅವನಿಗೆ.

ಎಣ್ಣೆ ಹೋಗಲು ಶಾಂಪೂ ಹಾಕಿ ತೊಳೆದರು. ನೀರಿನ ಚಳಿ ಹೋಗಲಿ ಎಂದು ಟವೆಲ್ಲಿನಲ್ಲಿ ಸುತ್ತಿ ಬಿಸಿಲಲ್ಲಿ ಕೂರಿಸಿದರು. ಕರ್ನಲ್ ಬಾಯಿ ತೆರೆದರೆ "ಖ್ರ್" ಎನ್ನುವಷ್ಟು ಮಾತ್ರ ಹೊರಟಿತು. ಗಂಟಲು ಪೂರ್ತಿ ಕಟ್ಟಿತ್ತು.

"ನೈಲಾನ್ ದಾರ ಅಂಟಿಸಿ ಮೀಸೆ ಮಾಡ್ಕೊಡ್ಲಾ? ಯಾರಿಗೂ ಗೊತ್ತಾಗಲ್ಲ" ಎಂದ ಟೈಲರ್.

"ಬುಡದಲ್ಲಿ ನರ ಇಲ್ದೆ ಮೀಸೆ ಯಾಕಯ್ಯಾ? ಕನೆಕ್ಷನ್ ಇಲ್ದಿರೋ ಫೋನು!" ಎಂದರು ಮೇಷ್ಟ್ರು. ಅವರ ಇನ್ನೊಂದು ಕೆನ್ನೆಯ ನೊರೆ ಒಣಗಿ ಸುಣ್ಣವಾಗಿತ್ತು. "ಎರಡು ತಿಂಗಳಲ್ಲಿ ತಾನೇ ಬೆಳೆಯುತ್ತೆ, ಸುಮ್ನಿರಿ."

"ಹಾಗಾದ್ರೆ ಏನೂ ಹೇಳ್ಬೇಡ. ಅವರಿಗೆ ಕಣ್ಣು ಕಾಣಲ್ವಲ್ಲ" ಎಂದು ಟೈಲರ್ ಪಿಸುಗುಟ್ಟಿದ.

"ಛೆ! ಕಣ್ಣು ಕಾಣದವರಿಗೆ ಮೋಸ ಮಾಡೋದಾ? ಅನ್ನ ಕೊಟ್ಟ ತಾಯಿ ಅವರು. ಬಂದ ತಕ್ಷಣ ಎಲ್ಲ ಹೇಳ್ಬಿಡ್ತೀನಿ. ಬೈದ್ರೆ ಬೈಸ್ಕೊಳ್ತೀನಿ, ಅಂಗಡಿ ಬಿಡು ಅಂದ್ರೆ ಬಿಡ್ತೀನಿ" ಎಂದ ನೀಟಣ್ಣ. ಹೇಳಿದ ಮೇಲೆ ಅವನಿಗೇ ತನ್ನ ಮೇಲೆ ಸ್ವಲ್ಪ ಗೌರವ ಬಂತು.

ಸಂಜೆ ದೊಡ್ಡಮ್ಮ ಕಾರಿನಿಂದ ಇಳಿದರು. "ಕರ್ನಲ್!" ಎಂದು ಕೂಗಿದ್ದೇ ತಡ, ಬೆಕ್ಕು ಅವರ ಕಾಲಿಗೆ ಮೈ ತಿಕ್ಕಿತು. ಅವರು ಎತ್ತಿಕೊಂಡು ದಿನದ ಅಭ್ಯಾಸದಂತೆ ಕೆನ್ನೆಗೆ ಕೆನ್ನೆ ಒತ್ತಿದರು. ಮುಖದ ನಗು ಅಲ್ಲಿಗೇ ನಿಂತಿತು. ಬೆರಳಿನಿಂದ ಮೂತಿ ಸವರಿದರು. ಕುತ್ತಿಗೆ ಮೂಸಿದರು. ಕಿವಿ ಹತ್ತಿರ ತಂದು "ಮಾತಾಡೋ" ಎಂದರು.

"ಖ್ರ್" ಎಂದಿತು ಕರ್ನಲ್.

"ಇದು ಯಾವ ಬೆಕ್ಕಪ್ಪ?" ಎಂದು ಕೇಳಿದರು ದೊಡ್ಡಮ್ಮ.

ನೀಟಣ್ಣ ಕೈ ಮುಗಿದ. "ದೊಡ್ಡಮ್ಮ, ಇದೇ ನಿಮ್ಮ ಕರ್ನಲ್. ನಾನೇ ಪಾಪಿ, ಅವನ ಮೀಸೆ ಕತ್ತರಿಸ್ಬಿಟ್ಟೆ. ಆಮೇಲೆ ಸಂದೀಲಿ ಸಿಕ್ಕಾಕೊಂಡ, ಎಣ್ಣೆ ಸುರಿದ್ವಿ, ಶಾಂಪೂ ಹಾಕಿದ್ವಿ, ಕೂಗಿ ಕೂಗಿ ಗಂಟಲು ಹೋಯ್ತು..."

 ಕೇಳುತ್ತ ಕೇಳುತ್ತ ದೊಡ್ಡಮ್ಮನ ಕಣ್ಣಂಚು ಒದ್ದೆಯಾಯಿತು, ತುಟಿಯಲ್ಲಿ ನಗು ಬಂತು.

"ಬೆಕ್ಕಿನ ಮೀಸೆ ಕತ್ತರಿಸೋ ಮಹಾಮೂರ್ಖ ಪ್ರಪಂಚದಲ್ಲಿ ಇರ್ತಾನೇನೋ? ಸುಳ್ಳು ಹೇಳೋಕೂ ಬರಲ್ವಲ್ಲ ನಿಂಗೆ!"

"ಇಲ್ಲ ದೊಡ್ಡಮ್ಮ, ಸತ್ಯ! ಮೇಷ್ಟ್ರನ್ನ ಕೇಳಿ!"

"ಹೌದಮ್ಮ. ಇವನೇ ಕತ್ತರಿಸಿದ್ದು" ಎಂದರು ಮೇಷ್ಟ್ರು.

ಟೈಲರ್‌ಗೆ ತಡೆಯಲಾಗಲಿಲ್ಲ. ಗೆಳೆಯನ ಅಂಗಡಿ ಉಳಿಸಲೇಬೇಕೆಂದು ನಡುವೆ ಬಾಯಿ ಹಾಕಿದ. "ಅವನು ಅಂಥವನಲ್ಲಮ್ಮ! ಪಾಪ, ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ, ಬೆಕ್ಕಿನ ಹಿಂದೇನೇ ಇದ್ದಾನೆ!"

"ನೋಡಿದ್ಯಾ? ನನ್ನ ಸಮಾಧಾನಕ್ಕೆ ಎಷ್ಟು ಜನ ಕಷ್ಟಪಡ್ತೀರಪ್ಪ!" ಎಂದು ದೊಡ್ಡಮ್ಮ ನೀಟಣ್ಣನ ತಲೆ ನೇವರಿಸಿದರು. "ಅಷ್ಟು ವರ್ಷ ಫೋನಲ್ಲಿ ಧ್ವನಿ ಕೇಳಿದವಳು ನಾನು. ನಿನ್ನ ಧ್ವನಿ ನಡುಗ್ತಿದೆ. ಕರ್ನಲ್ ಕಳೆದುಹೋದ, ನೀನು ದಿನವೆಲ್ಲ ಹುಡುಕ್ದೆ, ಸಿಗಲಿಲ್ಲ. ನಾನು ಅಳಬಾರ್ದು ಅಂತ ಈ ಅನಾಥನ್ನ ತಂದು ಇಟ್ಟೆ. ಪಾಪ, ಯಾವ ಪಾಪಿ ಇದರ ಮೀಸೆ ಕತ್ತರಿಸಿದ್ನೋ, ಅವನ ಕತ್ತರಿಗೆ ತುಕ್ಕು ಹಿಡೀಲಿ! ನೀನು ಕಾಪಾಡ್ದೆ. ಹೊಟ್ಟೇಲಿ ಹುಟ್ಟಿದ ಮಗನೂ ಇಷ್ಟು ಮಾಡಲ್ಲ ಕಣಪ್ಪ. ನಿನ್ನ ಋಣ ನಾನು ಹೇಗೆ ತೀರಿಸ್ಲಿ?"

ನೀಟಣ್ಣ ಸಾಕ್ಷಿಗೆಂದು ಕತ್ತರಿಯನ್ನು ಅವರ ಮುಖದ ಮುಂದೆ ಎತ್ತಿ ಹಿಡಿದ.  ಅವರಿಗೆ ಅದು ಕಾಣದೆಂದು ನೆನಪಾಗಿ ಇಳಿಸಿದ.

"ಇದನ್ನ ನೀನೇ ಸಾಕ್ಕೋ. ನನ್ನ ಕರ್ನಲ್ ಜಾಗದಲ್ಲಿ ಇನ್ನೊಂದನ್ನ ಇಟ್ಕೊಳ್ಳೋಕೆ ಮನಸ್ಸು ಬರಲ್ಲ. ಅವನು ಎಲ್ಲೂ ಹೋಗಿರಲ್ಲ, ಸಿಕ್ಕೇ ಸಿಗ್ತಾನೆ. ಸಿಗೋವರೆಗೂ ದಿನಾ ಸಂಜೆ ಇಬ್ಬರೂ ಹುಡುಕೋಣ. ಬಾ, ಇವತ್ತೇ ಶುರು ಮಾಡೋಣ."

ಹೀಗೆ ಬೀದಿದೀಪಗಳು ಹತ್ತುವ ಹೊತ್ತಿಗೆ, ದಿನವೆಲ್ಲ ಹಸಿದಿದ್ದ ನೀಟಣ್ಣ ದೊಡ್ಡಮ್ಮನಿಗೆ ತೋಳು ಕೊಟ್ಟು ಬೀದಿಯುದ್ದಕ್ಕೂ ನಡೆದ. "ಕರ್ನಲ್! ಬಾರೋ ಮರಿ!" ಎಂದು ಕಂಬ ಕಂಬಕ್ಕೂ ನಿಂತು ಕೂಗಿದ. ಅವನು ಕೂಗಿದಾಗಲೆಲ್ಲ ಹಿಂದೆಯೇ ಬರುತ್ತಿದ್ದ ಬೆಕ್ಕು ನಿಷ್ಠೆಯಿಂದ "ಖ್ರ್, ಖ್ರ್" ಎಂದು ಓಗೊಟ್ಟಿತು.

ಮೂರನೆಯ ತಿರುವಿನಲ್ಲಿ ದೊಡ್ಡಮ್ಮ ನಿಂತರು.

"ಅಲ್ಲಪ್ಪ, ಇದನ್ನ ಅಂಗಡೀಲೇ ಕೂಡಿಹಾಕಿ ಬರಬಾರ್ದಿತ್ತಾ? ಇದರ ಗಲಾಟೇಲಿ ನಮ್ಮ ಕರ್ನಲ್ ಓ ಅಂದ್ರೂ ಕೇಳಿಸಲ್ಲ!"