ಅರವತ್ತು ವಾಚು ಮತ್ತು ಹೆಡ್‌ಮಾಸ್ತರ ಹದಿಮೂರು ತಿಂಗಳು

ಅರವತ್ತು ಸ್ಮಾರ್ಟ್ ವಾಚು, ಒಂದೇ ಗಿರಾಕಿ, ಒಂದೇ ಷರತ್ತು. ವ್ಯವಹಾರ ಇಷ್ಟೇ ಇತ್ತು.

ಗಿರಾಕಿ ಅಂದರೆ ಮುಂಜಾನೆ ನಡೆಯುವವರ ಬಳಗ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಊರಿನವರು ಸೇರಿ ಯಾವ ಊರು ಹೆಚ್ಚು ನಡೆಯುತ್ತದೆ ನೋಡೇಬಿಡೋಣ ಅಂತ ಪಂದ್ಯ ಕಟ್ಟಿದ್ದರು. ಎಲ್ಲರ ನಡಿಗೆಯೂ ಒಂದೇ ಆ್ಯಪಿನಲ್ಲಿ ಕೂಡಬೇಕು. ಬಹಳ ಜನರ ಕೈಯಲ್ಲಿ ಮೊದಲೇ ಬೇರೆ ಬೇರೆ ಕಂಪನಿಯ ವಾಚುಗಳಿದ್ದವು, ಅವುಗಳೊಳಗೆ ವರ್ಷಗಟ್ಟಲೆ ನಡಿಗೆಯ ಲೆಕ್ಕ ಕೂತಿತ್ತು. ಬಳಗದ ಹಿರಿಯರು ಸಿಂಧನೂರಿನ ನನ್ನ ಗಡಿಯಾರದ ಅಂಗಡಿಗೆ ಬಂದು ಮಾತು ಮುಗಿಸಿದರು. "ಸಾವ್ಕಾರ, ಅರವತ್ತೂ ವಾಚು ನಿಮ್ಮ ಹತ್ರನ ತೊಗೋತೀವಿ. ಆದ್ರ ಹಳೇ ನಡಿಗಿ ಎಲ್ಲಾ ಹೊಸ ಆ್ಯಪಿಗೆ ಬರಬೇಕು. ಬರಲಿಲ್ಲಂದ್ರ ವಾಚು ವಾಪಸ್."

ನಾನು ಗೋಡೆ ಗಡಿಯಾರಕ್ಕೆ ಕೀಲಿ ಕೊಡುವ ಕಾಲದಿಂದ ಅಂಗಡಿ ಮಾಡಿದವನು. ನಡಿಗೆ ಕಳಿಸುವ ಕೆಲಸ ಹೆಂಗಿರುತ್ತದೋ ಗೊತ್ತಿರಲಿಲ್ಲ. ಆದರೂ ಹೂಂ ಅಂದೆ. ತಿಳಿಯದ ಕೆಲಸಕ್ಕೆ ಹೂಂ ಅಂದಾಗಲೆಲ್ಲ ನನಗೆ ಇಂಥವೇ ಆಗುತ್ತ ಬಂದಿವೆ, ಆದರೆ ಗಿರಾಕಿಯ ಮುಂದೆ "ನನಗೆ ಬರಂಗಿಲ್ಲ" ಅನ್ನುವುದನ್ನು ಈ ನಾಲಿಗೆ ಇನ್ನೂ ಕಲಿತಿಲ್ಲ.

ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಸೊಸೆ. "ಮಾವಾರ, ಅದನ್ನ ನಂಗ ಬಿಡ್ರಿ" ಅಂದಳು.

"ಅರವತ್ತು ವಾಚಿನ ಮಾತೈತವ್ವ. ದೊಡ್ಡ ವ್ಯಾಪಾರ. ನಾನೇ ನೋಡ್ಕೋತೀನಿ" ಅಂದೆ.

ಆ ಒಂದು ಮಾತು ವಾಪಸ್ ತಗೊಳ್ಳಲು ಸಾಧ್ಯವಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಕದಲದ ಮಾಲು

ಮೊದಲು ಬಂದವರು ಒಬ್ಬ ರೈಸ್ ಮಿಲ್ ಮಾಲೀಕರು. ಎರಡು ವರ್ಷದ ನಡಿಗೆ ಅವರದು. ಹಳೆಯ ಆ್ಯಪಿನಲ್ಲಿ ಕಳಿಸುವ ಗುಂಡಿ ಹುಡುಕಿ ಒತ್ತಿದೆ. ಚಕ್ರ ಗಿರಗಿರ ತಿರುಗಿ ನಿಂತಿತು. ಹಳೆಯ ಆ್ಯಪ್ ತೆರೆದು ನೋಡಿದರೆ ಅಷ್ಟೂ ನಡಿಗೆ ಅಲ್ಲೇ ಇದೆ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇಬ್ಬರೂ ಜೀವಮಾನವೆಲ್ಲ ಮಾಲು ಕಳಿಸಿದವರೇ. ಲಾರಿ ಗೇಟು ದಾಟಿತೆಂದರೆ ಗೋದಾಮಿನಲ್ಲಿ ನೆಲ ಕಾಣಬೇಕು, ಅದು ನಮಗೆ ಗೊತ್ತಿರುವ ಪದ್ಧತಿ.

"ಹೋಗಿಲ್ರೀ ಸಾವ್ಕಾರ. ಒಂದು ಚೀಲನೂ ಕದಲಿಲ್ಲ" ಅಂದರು ಮಿಲ್ಲಿನವರು.

"ತಡೀರಿ, ಇನ್ನೊಮ್ಮೆ ಕಳಸ್ತೀನಿ."

ಇನ್ನೊಮ್ಮೆ ಕಳಿಸಿದೆ. ನಡಿಗೆ ಅಲ್ಲೇ ಇತ್ತು. ಮತ್ತೊಮ್ಮೆ ಕಳಿಸಿದೆ. ಆಗಲೂ ಅಲ್ಲೇ ಇತ್ತು. ಕಡೆಗೆ ಸೊಸೆ ಬಂದು ಹೊಸ ಆ್ಯಪ್ ತೆರೆದು ತೋರಿಸಿದಳು. ಅಲ್ಲಿ ಎಲ್ಲವೂ ಮೂರು ಮೂರು. ಒಂದೇ ದಿನ, ಒಂದೇ ಹೊತ್ತಿನಲ್ಲಿ, ಮಿಲ್ ಮಾಲೀಕರು ಕಾಲುವೆ ದಂಡೆಯ ಮೇಲೆ ಮೂರು ಜನರಾಗಿ ನಡೆದಿದ್ದರು.

"ಮಾವಾರ, ಇದು ಅಕ್ಕಿ ಚೀಲ ಅಲ್ರೀ. ಕಳಿಸಿದ ಮ್ಯಾಲೂ ಅಲ್ಲೂ ಇರ್ತೈತಿ, ಇಲ್ಲೂ ಇರ್ತೈತಿ. ಎರಡು ಪಾಲು ಅಳಸಬೇಕೀಗ."

ಮಿಲ್ ಮಾಲೀಕರು ಫೋನನ್ನು ಎದೆಗೆ ಒತ್ತಿಕೊಂಡರು. "ಇರಲಿ ಬಿಡಬೇ ಯವ್ವಾ! ನಿಮ್ಮ ವಯಸ್ಸಿಗೆ ಮೊಣಕಾಲು ಇಷ್ಟು ಸವೀಬಾರದಾಗಿತ್ತು ಅಂತ ಡಾಕ್ಟ್ರು ಅಂತಿದ್ರು. ಯಾಕ ಸವದಾವ ಅಂತ ನನಗ ಇವತ್ತು ತಿಳೀತು."

ಲಿಂಗಸುಗೂರಿನ ಈಜು

ಆ ಎರಡು ಪಾಲು ಅಳಿಸಲು ಸೊಸೆಗೆ ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಲಿಂಗಸುಗೂರಿನ ಒಬ್ಬ ವಕೀಲರು ಕೆಲಸಕ್ಕೆಂದು ನಮ್ಮೂರಿಗೆ ಬಂದವರು ಅಂಗಡಿಗೆ ಬಂದರು. ಸೊಸೆಗೆ ಕಾಯೋಣವೆಂದರೆ ಅವರಿಗೆ ಬಸ್ಸಿನ ಹೊತ್ತು. ನಾನೇ ಕೈ ಹಾಕಿದೆ.

ಈ ಸಲ ಒಂದೇ ಬಾರಿ ಕಳಿಸಿದೆ. ನಡುವೆ ಆ್ಯಪ್ ಒಂದು ಪ್ರಶ್ನೆ ಕೇಳಿತು, ಇದು ಯಾವ ತರಹದ ವ್ಯಾಯಾಮ ಅಂತ. ಕೆಳಗೆ ಸಣ್ಣ ಸಣ್ಣ ಚಿತ್ರಗಳು. ಕನ್ನಡಕ ಮನೆಯಲ್ಲಿತ್ತು. ಕೈ ಮುಂದೆ ಚಾಚಿ ಹುರುಪಿನಿಂದ ಹೊರಟಂತೆ ಕಾಣುತ್ತಿದ್ದ ಒಬ್ಬ ಮನುಷ್ಯನನ್ನು ಆರಿಸಿದೆ. ವಕೀಲರು ಜೋರಾಗಿ ನಡೆಯುವವರು, ಇದೇ ಸರಿ ಅನ್ನಿಸಿತು.

ಮರುದಿನ ಫೋನು.

"ಸಾವ್ಕಾರ್ರ, ನಾ ದಿನಾ ಮುಂಜಾನೆ ಮನಿಯಿಂದ ಬಸ್‌ಸ್ಟ್ಯಾಂಡ್ ತನಕ ಏನು ಮಾಡ್ತೀನಿ?"

"ನಡೀತೀರಿ."

"ಅಲ್ರೀ. ಈಜ್ತೀನಂತ. ನಿಮ್ಮ ಆ್ಯಪ್ ಹೇಳಾಕತ್ತೈತಿ. ಇನ್ನೂರು ದಿನ, ದಿನಕ್ಕ ನಾಲ್ಕು ಕಿಲೋಮೀಟರ್, ಡಾಂಬರ್ ರಸ್ತಾದ ಮ್ಯಾಲ ಈಜೀನಿ."

"ಚಿತ್ರ ನೋಡಿದ್ರ ನಡಿಯೋನಂಗ ಇತ್ರೀ..."

"ನಿಮ್ಮ ತಪ್ಪಲ್ಲ ಬಿಡ್ರಿ. ನಿಮ್ಮೂರಿಗೆ ಕಾಲುವಿ ಐತಿ, ಮನಸ್ಯಾ ಅಂದ್ರ ಈಜ್ತಾನ ಅನ್ನಿಸ್ತೈತಿ. ನಾ ಈಜಿದ ನೀರು ಎಲ್ಲೈತಿ ಅಷ್ಟು ಹೇಳಿಬಿಡ್ರಿ. ನಮ್ಮ ಮನಿಯಾಕಿ ಬಿಂದಗಿ ಹಿಡಕೊಂಡು ನಿಂತಾಳ!"

ಮಸ್ಕಿಯ ಚುಕ್ಕೆ

ಈಜನ್ನು ನಡಿಗೆ ಮಾಡಿಕೊಟ್ಟರೂ ವಕೀಲರು ವಾಚು ವಾಪಸ್ ಕೊಟ್ಟರು. ಒಂದು ಹೋಯಿತು. ಐವತ್ತೊಂಬತ್ತಾದರೂ ಉಳಿಸಿಕೊಳ್ಳಬೇಕೆಂದು ಮಸ್ಕಿಗೆ ನಾನೇ ಹೋದೆ.

ಅಲ್ಲಿಯ ಒಬ್ಬ ಬಟ್ಟೆ ವ್ಯಾಪಾರಿ, ಸಕ್ಕರೆ ಕಾಯಿಲೆಯವರು. ಹೆಂಡತಿಯೇ ಹಠ ಮಾಡಿ ಅವರನ್ನು ದಿನಾ ಆರು ಗಂಟೆಗೆ ಹೊರಗೆ ಹಾಕುತ್ತಿದ್ದರು, ಏಳೂವರೆಗೆ ಅವರು ಬೆವರು ಒರೆಸಿಕೊಳ್ಳುತ್ತ ಮನೆಗೆ ಬರುತ್ತಿದ್ದರು. ಅವರ ನಡಿಗೆ ಸುಸೂತ್ರವಾಗಿ ಹೊಸ ಆ್ಯಪಿಗೆ ಹೋಯಿತು. ಮೂರು ಪಾಲಾಗಲಿಲ್ಲ, ಈಜಾಗಲಿಲ್ಲ. ನನಗೆ ಹೆಮ್ಮೆಯಾಯಿತು. ಹೊಸ ಆ್ಯಪ್ ನಡೆದ ದಾರಿಯ ನಕಾಶೆಯನ್ನೂ ಬರೆಯುತ್ತದೆ, ಬರೆದದ್ದನ್ನು ಬಳಗದ ಎಲ್ಲರಿಗೂ ತೋರಿಸುತ್ತದೆ, ಬಳಗದಲ್ಲಿ ಅವರ ಹೆಂಡತಿಯೂ ಇದ್ದಾರೆ ಅನ್ನುವುದನ್ನು ನಾನು ವಿಚಾರಿಸಿರಲಿಲ್ಲ.

ಮಸ್ಕಿಯಿಂದ ಬಸ್ಸು ಹತ್ತುವ ಮೊದಲೇ ಆ ತಾಯಿ ಫೋನ್ ಮಾಡಿದರು.

"ಅಣ್ಣಾರ, ನಕಾಶದಾಗ ಇವರ ಗೆರಿ ಎಲ್ಲಾ ದಿನಾ ಒಂದೇ ಚುಕ್ಕಿಗೆ ಹೋಗಿ ನಲವತ್ತು ನಿಮಿಷ ನಿಂತಾವ್ರೀ. ಬಸ್‌ಸ್ಟ್ಯಾಂಡ್ ಹತ್ರ. ಅಲ್ಲಿ ಯಾವ ಗುಡಿ ಐತ್ರೀ?"

ಹೌದು ಗುಡಿ ಅಂದಿದ್ದರೆ ಮುಗಿಯುತ್ತಿತ್ತು. ಅದೇ ಹೊತ್ತಿಗೆ ನಾನು ಅದೇ ಚುಕ್ಕೆಯಲ್ಲಿ ಕೂತಿದ್ದೆ, ಬಾಯಿ ತುಂಬಿತ್ತು. "ಗುಡಿ ಅಲ್ರೀ ಅಕ್ಕಾರ, ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಹೋಟೆಲ್. ಭಾಳ ಛಲೋ ಮಾಡ್ತಾರ" ಅಂದುಬಿಟ್ಟೆ.

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು.

"ಹಂಗಾದ್ರ ಒಂದು ವರ್ಷದಿಂದ ನಾ ಕುಡಿಸಿದ ಅಂಬಲಿ, ಮಿರ್ಚಿ ಪಚನ ಆಗ್ಲಿ ಅಂತ ಕುಡಿಸಿದಂಗಾತು."

ಬಟ್ಟೆ ವ್ಯಾಪಾರಿ ಮಾತ್ರವಲ್ಲ, ಅದೇ ಚುಕ್ಕೆಯಲ್ಲಿ ದಿನಾ ನಿಲ್ಲುತ್ತಿದ್ದ ಇನ್ನೂ ಏಳು ಜನರ ಮನೆಯಲ್ಲಿ ಅವತ್ತು ನಕಾಶೆ ನೋಡಿದರು. ಮರುದಿನ ಮಸ್ಕಿಯ ಬಸ್ಸಿನಲ್ಲಿ ಒಂದು ಗಂಟು ಬಂತು. ಒಳಗೆ ಎಂಟು ವಾಚು, ಚೀಟಿಯಿಲ್ಲ, ಬೈಗುಳವಿಲ್ಲ. ಒಂದರ ಪಟ್ಟಿಗೆ ಇನ್ನೂ ಎಣ್ಣೆ ಹತ್ತಿತ್ತು.

ಹೆಡ್‌ಮಾಸ್ತರ ಹದಿಮೂರು ತಿಂಗಳು

ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ನಮ್ಮ ಓಣಿಯಲ್ಲೇ ಇರುವ ರಿಟೈರಾದ ಹೆಡ್‌ಮಾಸ್ತರರು. ನನ್ನ ವಯಸ್ಸಿನವರು. ಹೃದಯದ ಆಪರೇಶನ್ ಆದ ಮೇಲೆ ಹದಿಮೂರು ತಿಂಗಳು ಒಂದು ದಿನವೂ ತಪ್ಪದೆ ನಡೆದಿದ್ದರು. ಮೊದಲ ದಿನ ಮನೆಯಿಂದ ಮೂಲೆಯ ಕಿರಾಣಿ ಅಂಗಡಿ ತನಕ, ಈಗ ಜವಳಗೇರಾ ರಸ್ತೆಯಲ್ಲಿ ಮೂರೂವರೆ ಕಿಲೋಮೀಟರ್. ಎಲ್ಲ ಹಳೆಯ ವಾಚಿನ ಆ್ಯಪಿನಲ್ಲಿತ್ತು. ಡಾಕ್ಟರ ಹತ್ತಿರ ಹೋದಾಗಲೆಲ್ಲ ಅದನ್ನೇ ತೆಗೆದು ತೋರಿಸುತ್ತಿದ್ದರು, ಹುಡುಗರ ಮಾರ್ಕ್ಸ್ ಕಾರ್ಡ್ ತೋರಿಸಿದ ಹಾಗೆ.

ನಾನು ಆಗಲೇ ಬುದ್ಧಿ ಕಲಿತಿದ್ದೆ ಅಂದುಕೊಂಡಿದ್ದೆ. ಮೂರು ಪಾಲಾದದ್ದು ಯಾಕೆ? ಹಳೆಯ ಗೋದಾಮು ಖಾಲಿ ಮಾಡದೆ ಬಿಟ್ಟದ್ದಕ್ಕೆ. ಈ ಸಲ ಕಳಿಸಿದ ತಕ್ಷಣ ಹಳೆಯದನ್ನು ತೊಳೆದುಬಿಡುವುದು ಅಂತ ತೀರ್ಮಾನಿಸಿದ್ದೆ. ಗುಂಡಿ ಒತ್ತಿದೆ. "ನಿಮ್ಮ ಕೋರಿಕೆ ನಮಗೆ ಮುಟ್ಟಿದೆ" ಅಂತ ಬಂತು. ಆರ್ಡರ್ ಮುಟ್ಟುವುದು ಬೇರೆ, ಮಾಲು ಮುಟ್ಟುವುದು ಬೇರೆ. ಇದನ್ನು ಹೊಸ ವ್ಯಾಪಾರಸ್ಥರನ್ನು ಕೂರಿಸಿಕೊಂಡು ಹೇಳಿದವನು ನಾನೇ. ಆ ಹೊತ್ತಿಗೆ ಅದು ತಲೆಗೆ ಬರಲಿಲ್ಲ. ಹಳೆಯ ಖಾತೆ ಅಳಿಸುವ ಗುಂಡಿ ಒತ್ತಿದೆ. ಖರೆ ಅಳಿಸಲೇನು ಅಂತ ಎರಡು ಸಲ ಕೇಳಿತು. ಎರಡು ಸಲ ಹೌದು ಅಂದೆ.

ಹೊಸ ಆ್ಯಪ್ ತೆರೆದೆವು. ಏನೂ ಇಲ್ಲ.

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಸಾವ್ಕಾರ, ಹದಿಮೂರು ತಿಂಗಳು ನಾ ಎಲ್ಲಿದ್ದೆ?"

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಎದ್ದು ಹೋದರು. ಎರಡು ದಿನ ನಡೆಯಲೂ ಹೋಗಲಿಲ್ಲ. ನಾನು ಮುಖ ತೋರಿಸಲಾರದೆ ಅವರ ಮನೆಯ ಮುಂದಿನ ದಾರಿ ಬಿಟ್ಟು ಸುತ್ತುಬಳಸಿ ಅಂಗಡಿಗೆ ಹೋದೆ. ಸೊಸೆಗೂ ಇದನ್ನು ಹೇಳಲು ನಾಚಿಕೆಯಾಗಿ ಹೇಳಲಿಲ್ಲ.

ಮೂರನೇ ದಿನ ಮಾಸ್ತರರು ಬಳಗದ ಹಿರಿಯರ ಜೊತೆ ಬಂದರು. ಕೈಯಿಂದ ವಾಚು ಬಿಚ್ಚಿ ನನ್ನ ಕೈಗೆ ಕಟ್ಟಿದರು, ಬಿಗಿಯಾಗಿ.

"ಪಂದ್ಯಕ್ಕ ಇನ್ನ ನಲವತ್ತು ದಿನ ಅದಾವ. ನನ್ನ ನಡಿಗಿ ಕಳದವ್ರು ನೀವು, ನನ್ನ ಹೆಸರಿಲೆ ನಡದು ತುಂಬೋರೂ ನೀವೇ. ನಲವತ್ತು ದಿನ ನಡೀರಿ, ಉಳದದ್ದು ಮಾಫಿ."

"ಮಾಸ್ತರ, ನಾ ಗಲ್ಲಾ ಬಿಟ್ಟು ಎದ್ದವನಲ್ಲ..."

"ಇಲ್ಲಂದ್ರ ಐವತ್ತೊಂದೂ ವಾಚು ನಾಳೆ ವಾಪಸ್" ಅಂದರು ಹಿರಿಯರು.

ಎದ್ದೆ. ಮರುದಿನ ಬೆಳಿಗ್ಗೆ ಮಾಸ್ತರರು ಕೊಡೆ ಹಿಡಿದು ಬಾಗಿಲಲ್ಲಿದ್ದರು. ನಾನು ನಡೆದೆ, ಅವರು ಪಕ್ಕದಲ್ಲಿ ವಾಚಿಲ್ಲದೆ ನಡೆದರು. ಬೆವರು ಇಳಿಯಿತು, ಉಸಿರು ಕಟ್ಟಿತು. ಬಹಳ ದೂರ ಬಂದೆನೆನಿಸಿ ನಿಂತೆ.

"ಎಷ್ಟಾತ್ರೀ ಮಾಸ್ತರ?"

"ಹಿಂದ ಹೊಳ್ಳಿ ನೋಡ್ರಿ. ನಿಮ್ಮ ಮನಿಯವರು ಇನ್ನೂ ಕೈ ಬೀಸಾಕತ್ತಾರ."

ದಿನ ಕಳೆದಂತೆ ಕಾಲು ಮಾತು ಕೇಳತೊಡಗಿದವು. ಗದ್ದೆ ಬಯಲಿನ ಗಾಳಿ ಚೆನ್ನಾಗಿರುತ್ತದೆ ಅನ್ನುವುದು ಅರವತ್ತು ದಾಟಿದ ಮೇಲೆ ಗೊತ್ತಾಯಿತು. ಆದರೆ ಕಿರಾಣಿ ಅಂಗಡಿಯ ಮೂಲೆ ಬಂದಾಗಲೆಲ್ಲ ಮಾಸ್ತರರು "ನನ್ನ ಮೊದಲ ದಿನದ ನಡಿಗಿ ಇಲ್ಲೀತನಕ" ಅನ್ನುತ್ತಿದ್ದರು. ಅದು ಕೇಳಿದಾಗಲೆಲ್ಲ ನಾನು ಹೆಜ್ಜೆ ಜೋರು ಮಾಡುತ್ತಿದ್ದೆ.

ನಲವತ್ತನೇ ದಿನ ನಡಿಗೆ ಮುಗಿಸಿ ಅಂಗಡಿಗೆ ಬಂದೆ. ಸೊಸೆ ಚಹಾ ಕೊಟ್ಟಳು, ಕಂಪ್ಯೂಟರ್ ನನ್ನ ಕಡೆ ತಿರುಗಿಸಿದಳು. ನಮ್ಮ ಅಂಗಡಿಯ ಇಮೇಲ್. ಅದರಲ್ಲಿ ಒಂದು ಫೈಲು. ಒಳಗೆ ಮಾಸ್ತರರ ಹದಿಮೂರು ತಿಂಗಳು, ಒಂದು ದಿನವೂ ಕಡಿಮೆಯಿಲ್ಲದೆ. ಹಳೆಯ ವಾಚು ಕೊಂಡಾಗ ಮಾಸ್ತರರಿಗೆ ಇಮೇಲ್ ಇರಲಿಲ್ಲ, ನಾನೇ ಅಂಗಡಿಯದನ್ನು ಬರೆದುಕೊಟ್ಟಿದ್ದೆನಂತೆ. ನನ್ನ ಕೋರಿಕೆಯಂತೆ ಹಳೆಯ ಕಂಪನಿ ನಡಿಗೆಯನ್ನೆಲ್ಲ ಕಟ್ಟಿ ಇಲ್ಲಿಗೇ ಕಳಿಸಿತ್ತು.

"ಇದು ಯಾವಾಗ ಬಂತಬೇ ಯವ್ವಾ?"

"ನೀವು ಅಳಿಸಿದ ಮರುದಿನಾನ, ಮಾವಾರ."

"ಮರುದಿನ? ನಲವತ್ತು ದಿನ ನನ್ನ ರಸ್ತಾಕ್ಕ ಹಾಕಿ ಸುಮ್ಮ ಕುಂತೀಯೇನ?"

"ಅವತ್ತ ಮಾಸ್ತರ ಮನಿಗೆ ಓಡಿ ಹೋಗಿ ತೋರಿಸಿ, ಹೊಸ ಆ್ಯಪಿಗೂ ಹಾಕಿ ಬಂದೆ. ಅವರ ಅಂದ್ರು, 'ನಿಮ್ಮ ಮಾವಗ ಈಗ ಹೇಳಬ್ಯಾಡವ್ವ. ನನಗ ಆಪರೇಶನ್ ಆದ ಮ್ಯಾಲ ಬುದ್ಧಿ ಬಂತು, ಅವರಿಗೆ ಆಪರೇಶನ್ನಿಗೆ ಮೊದಲ ಬರಲಿ.'"

ಚಹಾ ಅಲ್ಲೇ ಬಿಟ್ಟು ಮಾಸ್ತರರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ನನ್ನ ಮುಖ ನೋಡಿಯೇ ವಿಷಯ ತಿಳಿದು, ಪೇಪರ್ ಮಡಚಿ ನಗತೊಡಗಿದರು. ಜಗಳ ತೆಗೆಯಲು ಹೋದವನು ಅವರ ಪಕ್ಕ ಕಟ್ಟೆಯ ಮೇಲೆ ಕೂತೆ. ಒಂದೇ ಕೇಳಿದೆ.

"ಆಗ್ಲಿ ಮಾಸ್ತರ. ಈ ನಲವತ್ತು ದಿನ ನಾ ನಡದದ್ದನ್ನಾದ್ರೂ ನನ್ನ ಹೆಸರಿಗೆ ಕಳಸಿಕೊಡ್ರಿ."

"ಕಳಸ್ತಿದ್ದೆ ಸಾವ್ಕಾರ. ಆದ್ರ ಆ ಕೆಲಸ ಮಾಡೋ ಅಂಗಡಿ ಸಿಂಧನೂರಾಗ ಒಂದೇ ಐತಿ, ಅಲ್ಲಿಗೆ ಕೊಡಾಕ ನನಗ ಧೈರ್ಯ ಇಲ್ಲ."

ಪಂದ್ಯ ಸಿಂಧನೂರೇ ಗೆದ್ದಿತು. ಹಾರ ಮಾಸ್ತರರ ಕೊರಳಿಗೆ ಬಿತ್ತು. ಅವರೂ ನನ್ನ ಪಕ್ಕ ಅಷ್ಟೇ ನಡೆದಿದ್ದರು, ಹಾಗಾಗಿ ಸುಳ್ಳು ಅನ್ನುವಂತೆಯೂ ಇರಲಿಲ್ಲ.

ಕಡೆಗೆ ಸಿಕ್ಕಿದ್ದು ಇಷ್ಟು. ಅರವತ್ತರಲ್ಲಿ ಐವತ್ತೊಂದು ವಾಚು ಹೋದವು, ಒಂಬತ್ತು ಗಾಜಿನ ಕಪಾಟಿನಲ್ಲಿ ಕೂತಿವೆ. ಮಸ್ಕಿಯ ಎಂಟು ಮನೆಯವರು ಇನ್ನು ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಬೆಲ್ಟು ಎರಡು ತೂತು ಒಳಗೆ ಬಂದಿದೆ. ನಡೆದದ್ದು ನೂರಾ ನಲವತ್ತು ಕಿಲೋಮೀಟರ್, ಅಷ್ಟೂ ಮಾಸ್ತರರ ಹೆಸರಿನಲ್ಲಿ. ನನ್ನ ಹೆಸರಿನಲ್ಲಿ ಸೊನ್ನೆ.