ಅಕ್ಕನ ಸೊಂಟದ ಸಂದರ್ಶನ

ಡಾಕ್ಟರುಗಳು ಕೈಯಲ್ಲಿ ಚಾಕು ಹಿಡಿದುಕೊಂಡು ನಮ್ಮ ದಾರಿಯನ್ನೇ ಕಾಯುತ್ತಿರುತ್ತಾರೆ ಎಂದು ನಾನು ಐವತ್ತು ದಾಟುವವರೆಗೂ ನಂಬಿದ್ದೆ. ನನ್ನ ನಂಬಿಕೆಗಳೆಲ್ಲ ಹೀಗೆ ಹೆದರಿಕೆಯಿಂದ ಹುಟ್ಟಿದವೇ. ಅಣ್ಣಿಗೇರಿಯ ಹೈಸ್ಕೂಲೊಂದರಲ್ಲಿ ನಾನು ಗುಮಾಸ್ತ. ಕುರ್ಚಿಯನ್ನು ಶಾಲೆ ಕೊಟ್ಟಿದೆ, ಕಾಳಜಿಯನ್ನು ನಾನೇ ಮನೆಯಿಂದ ಒಯ್ಯುತ್ತೇನೆ. ಎರಡೂ ಸೇರಿ ನನ್ನ ಸೊಂಟವನ್ನು ಕೆಡಿಸಿವೆ. ಸೀನು ಬಂದರೆ ಮೊದಲು ಗೋಡೆ ಹುಡುಕುತ್ತೇನೆ, ಆಮೇಲೆ ಸೀನುತ್ತೇನೆ. ಬಸ್ಸು ರಸ್ತೆಯುಬ್ಬು ಹತ್ತುವುದಕ್ಕೆ ಮುಂಚೆಯೇ ಸೀಟಿನಿಂದ ಅರ್ಧ ಎದ್ದಿರುತ್ತೇನೆ. ‘ಒಂದಲ್ಲ ಒಂದು ದಿನ ನನ್ನ ಬೋರಲು ಮಲಗಿಸಿ ಬೆನ್ನಿಗೆ ತಿರುಪು ಹಾಕ್ತಾರ ನೋಡು’ ಎಂದು ಹೆಂಡತಿ ಶಾಂತಾಗೆ ಹೇಳಿ ಹೇಳಿ, ಅವಳು ಈಗ, ‘ಹಾಕಿಸ್ಕೊಂಡ ಬರ್ರಿ, ಬಾಯಿಗೂ ಒಂದ ಹಾಕ್ತಾರೇನು ಕೇಳ್ರಿ’ ಎನ್ನುವ ಹಂತಕ್ಕೆ ಬಂದಿದ್ದಾಳೆ. ಆ ತಿರುಪನ್ನು ಬೇಡಿದವರಿಗೆಲ್ಲ ಹಾಕುವುದಿಲ್ಲ, ಅದಕ್ಕೂ ಒಂದು ಅರ್ಹತೆ ಬೇಕು ಎಂಬುದು ನನಗೆ ಗೊತ್ತಾದದ್ದು ಶಲವಡಿಯ ಅಕ್ಕನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ.

ಅಕ್ಕ ನೀಲವ್ವ ನೋವಿನ ವಿಷಯ ಮಾತಾಡಿದವಳೇ ಅಲ್ಲ. ನಮ್ಮ ವಂಶದಲ್ಲಿ ಆ ಇಲಾಖೆ ನನ್ನದು. ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಹರಿಯುವಾಗ ಬಗ್ಗಿದ ಸೊಂಟವನ್ನು ಎರಡೂ ಕೈಯಿಂದ ಎತ್ತಿ ನಿಲ್ಲಿಸಿ ಮನೆಗೆ ಬರುತ್ತಿದ್ದಳಂತೆ. ಹಿಟ್ಟಿನ ಗಿರಣಿಗೆ ಹೋಗುವ ಹಾದಿಯಲ್ಲಿ ಸಿಕ್ಕಸಿಕ್ಕ ಕಟ್ಟೆಯ ಮೇಲೆ ಕೂತು ಕೂತು ಏಳುತ್ತಿದ್ದಳಂತೆ. ಇದೆಲ್ಲ ಆಮೇಲೆ ತಿಳಿದದ್ದು. ಅಕ್ಕನ ಗಂಡ, ನಮ್ಮ ಮಾವ, ಫೋನ್ ಮಾಡಿದ್ದು ಬೇರೆಯದಕ್ಕೆ. ‘ನಿಮ್ಮಕ್ಕನ ಬಲಗಾಲಿನ ಚಪ್ಪಲಿ ಹಾದ್ಯಾಗ ಕಳದ ಬಿದ್ದೈತೋ. ಆಕಿಗೆ ಗೊತ್ತ ಆಗಿಲ್ಲ. ಒಂದ ಚಪ್ಪಲಿ ಮ್ಯಾಲೆ ಮನಿಗೆ ಬಂದಾಳ.’ ಅಂದು ನಾನು ಊಟ ಬಿಟ್ಟೆ. ಊಟ ಬಿಟ್ಟದ್ದರಿಂದ ಅಕ್ಕನ ಕಾಲಿಗೆ ಏನೂ ಉಪಯೋಗವಾಗಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಅಕ್ಕನ ಸೊಂಟದ ಸ್ಕ್ಯಾನಿಂಗ್ ಫೋಟೊವನ್ನು ಬೆಳಕಿಗೆ ಹಿಡಿದು ತೋರಿಸಿದರು. ಸೊಂಟದ ಕೆಳಗಿನ ಒಂದು ಎಲುಬು, ಕಟ್ಟುವಾಗಲೇ ಸರಿದ ಕಲ್ಲಿನಂತೆ, ತನ್ನ ಸಾಲು ಬಿಟ್ಟು ಮುಂದೆ ಜಾರಿತ್ತು. ಕಾಲಿಗೆ ಹೋಗುವ ನರ ಅದರ ಕೈಗೆ ಸಿಕ್ಕು ಒದ್ದಾಡುತ್ತಿತ್ತು. ‘ನರ ಬಿಡಿಸಿ, ಎರಡ ಎಲುಬು ಕೂಡಿಸಿ ತಿರುಪು ಹಾಕಬೇಕಾಗತೈತಿ. ಆದ್ರ ತಿರುಪು ಬರೇ ಹಿಡದ ನಿಲ್ಲತಾವ. ಎಲುಬಿಗೆ ಎಲುಬು ಬೆಸಿಯೂದು ಈ ಅವ್ವನ ಮೈ ಮಾಡಬೇಕು. ಅದು ಮಾಡತೈತೋ ಇಲ್ಲೋ ಅಂತ ಮೊದಲ ನೋಡೂಣು’ ಎಂದು ಪ್ರಶ್ನೆಗಳನ್ನು ಶುರುಮಾಡಿದರು. ನೋವು ಸೊಂಟದಲ್ಲೇ ನಿಲ್ಲುತ್ತದೋ ಕಾಲಿಗೆ ಇಳಿಯುತ್ತದೋ? ಎಷ್ಟು ದೂರ ನಡೆದರೆ ಕೂರಬೇಕು? ವ್ಯಾಯಾಮ ಮಾಡಿ ನೋಡಿದ್ದಾಯಿತೇ? ಸಕ್ಕರೆ ಕಾಯಿಲೆ? ಮನಸ್ಸಿಗೆ ಬೇಸರ? ಅಕ್ಕನನ್ನು ನೋಡಲು ಬಂದ ಬೀಗರು ಕೂಡ ಇಷ್ಟು ಕೇಳಿರಲಿಲ್ಲ; ಅವರು ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿ ಎದ್ದು ಹೋಗಿದ್ದರು.

‘ತಂಬಾಕದ ಚಟ ಐತೇನಬೇ?’

‘ಅಯ್ಯ, ಶಿವ ಶಿವಾ! ಮುಟ್ಟಂಗಿಲ್ರಿ ಸಾಹೇಬ್ರ.’

ನಾನೂ ಜೋರಾಗಿ ತಲೆಯಾಡಿಸಿದೆ. ಡಾಕ್ಟರು ಅಕ್ಕನ ವಸಡನ್ನೇ ನೋಡುತ್ತಿದ್ದರು. ‘ಹಲ್ಲಿಗೆ ಏನ ಹಚ್ಚತಿ?’

‘ತಪಕೀರ್ರಿ.’

ತಪಕೀರು ಎಂದರೆ ತಂಬಾಕಿನ ನುಣುಪಾದ ಪುಡಿ ಎಂಬುದು ನಮಗೇನು ಗೊತ್ತಿಲ್ಲದ್ದಲ್ಲ. ಆದರೆ ನಮ್ಮ ಕಡೆ ತಂಬಾಕು ಎಂದರೆ ಗಂಡಸರು ತಿಂದು ಉಗುಳುವುದು, ಚಟ. ಹೆಂಗಸರು ಬೆರಳಿನಲ್ಲಿ ಹಚ್ಚಿಕೊಂಡು ತಿಕ್ಕುವುದು ಹಲ್ಲಿನ ಆರೈಕೆ.

‘ದಿನಕ್ಕ ಎಷ್ಟ ಸಲ ಹಲ್ಲ ತಿಕ್ಕತಿ?’

‘ಹಂಗ ಲೆಕ್ಕ ಇಲ್ರಿ. ಚಾ ಕುಡದ ಮ್ಯಾಲೆ, ಉಂಡ ಮ್ಯಾಲೆ, ಯಾರರ ಮಾತಾಡ್ಸಾಕ ಬಂದ್ರ...’

‘ನಮ್ಮ ದವಾಖಾನಿ ಹಲ್ಲಿನ ಡಾಕ್ಟರ ಸುದ್ದಾ ಇಷ್ಟ ತಿಕ್ಕಂಗಿಲ್ಲ ಬಿಡು’ ಎಂದ ಡಾಕ್ಟರು ನಗಲಿಲ್ಲ. ತಂಬಾಕು ಮೈಯಲ್ಲಿದ್ದರೆ ಎಲುಬು ಬೆಸೆಯದೆ ಹೋಗಬಹುದು, ಆಗ ತಿರುಪು ಸಡಿಲಾಗಿ ಮತ್ತೊಮ್ಮೆ ಕೊಯ್ಯಬೇಕಾದೀತು ಎಂದರು. ಒಂದೂವರೆ ತಿಂಗಳು ಬಿಟ್ಟು ಬರಬೇಕು, ಆಪರೇಶನ್ ಆದಮೇಲೂ ಮುಟ್ಟಬಾರದು. ಆಮೇಲೆ ನನ್ನ ಕಡೆ ತಿರುಗಿದರು. ‘ಈ ನಡುವ ಪಾದ ಇನ್ನೂ ಸೋತ್ರ ಮಾತ್ರ ಕಾಯಬ್ಯಾಡ್ರಿ. ಅವತ್ತ ಕರಕೊಂಡ ಬರ್ರಿ. ಹೋದ ನರ ಪೂರ್ತಿ ತಿರಗಿ ಬರತೈತಿ ಅಂತ ನಾ ಹೇಳೂದಿಲ್ಲ.’

ಹೇಗೂ ಬಂದಿದ್ದೇನೆಂದು ನನ್ನ ಸೊಂಟದ ಫೋಟೊವನ್ನೂ ಚೀಲದಿಂದ ತೆಗೆದು ಮುಂದಿಟ್ಟೆ. ಅವರು ಒಂದು ಕ್ಷಣ ನೋಡಿ ಕೈಗೆ ವಾಪಸು ಕೊಟ್ಟರು. ‘ನಿಮಗ ಬ್ಯಾಡ್ರಿ. ನಿಮ್ಮ ನೋವು ಸುಳ್ಳ ಅನ್ನಂಗಿಲ್ಲ, ಖರೇನ ಐತಿ. ಆದ್ರ ತಿರುಪು ಹಾಕೂ ಜಾಗಾ ಇದ್ರಾಗ ಇಲ್ಲ. ಎದ್ದ ಅಡ್ಡಾಡ್ರಿ, ಕಾಳಜಿ ಕಡಿಮಿ ಮಾಡ್ರಿ.’ ಇಷ್ಟು ವರ್ಷ ಯಾವುದಕ್ಕೆ ಹೆದರಿ ಸತ್ತೆನೋ ಅದು ನನ್ನನ್ನು ಬೇಡವೆಂದಿತು. ಸಂತೋಷವಾಗಬೇಕಿತ್ತು, ಆದರೆ ಹೆಣ್ಣಿನ ಕಡೆಯವರು ಒಲ್ಲೆವೆಂದು ಹೇಳಿಕಳಿಸಿದಂತಾಯಿತು.

ಅಕ್ಕನನ್ನು ನಮ್ಮ ಮನೆಯಲ್ಲೇ ಇರಿಸಿಕೊಂಡೆ. ಶಲವಡಿಯಲ್ಲಿ ಬಿಟ್ಟರೆ ಓಣಿಯ ಹೆಂಗಸರ ತಪಕೀರಿನ ಡಬ್ಬಿಗಳಿಂದ ಅವಳನ್ನು ಉಳಿಸುವವರು ಯಾರು? ಆದರೆ ಡಬ್ಬಿಗಳು ಬಸ್ಸು ಹತ್ತಿ ಅಣ್ಣಿಗೇರಿಗೂ ಬಂದವು. ನಮ್ಮಲ್ಲಿ ಬೇನೆ ಬಿದ್ದವರನ್ನು ಮಾತಾಡಿಸಲು ಬಂದವಳು ಮೊದಲು ಡಬ್ಬಿ ತೆರೆದು ಮುಂದೆ ಹಿಡಿಯಬೇಕು. ದುಃಖ ಹಂಚಿಕೊಳ್ಳುವ ರೀತಿ ಅದು. ಅಕ್ಕನ ಗೆಳತಿ ಪಾರವ್ವನ ಕೈಯನ್ನು ನಾನು ಅರ್ಧ ದಾರಿಯಲ್ಲೇ ತಡೆದಾಗ ಅವಳು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ‘ನೀಲವ್ವಾ, ನಿನ್ನ ತಮ್ಮ ಪೊಲೀಸ ಯಾವಾಗ ಆದ್ನಬೇ?’ ಎಂದಳು.

ತಪಕೀರು ಬಿಟ್ಟ ಅಕ್ಕನಿಗೆ ತಲೆನೋವು, ಸಿಟ್ಟು, ಸುಮ್ಮಸುಮ್ಮನೆ ಅಳು. ಒಂದು ಮಧ್ಯಾಹ್ನ ನಾನು, ‘ಅಂಥಾ ರುಚಿ ಏನೈತಿ ಅದ್ರಾಗ?’ ಎಂದು ಕೇಳಿಬಿಟ್ಟೆ.

‘ರುಚಿ?’ ಎಂದಳು ಅಕ್ಕ. ‘ಹೊಲದಾಗ ಹಸಿವಿ ತಿಳೀಬಾರ್ದು ಅಂತ ಅವ್ವ ನನ್ನ ಬೆರಳಿಗೆ ಹಚ್ಚಿದ್ಲೋ ತಮ್ಮಾ. ಇದ್ದ ರೊಟ್ಟಿ ಸಾಲಿಗೆ ಹೋಗಾವಗ ಕಟ್ಟತಿದ್ಲು.’

ಶಾಲೆಗೆ ಹೋಗುತ್ತಿದ್ದವನು ನಾನು. ಅಂದಿನಿಂದ ಆ ಪ್ರಶ್ನೆ ಕೇಳಲಿಲ್ಲ. ಬದಲಿಗೆ ದಿನಾ ಬೆಳಗ್ಗೆ, ಶಾಲೆಗೆ ಹೊರಡುವ ಮುನ್ನ, ಮಧ್ಯಾಹ್ನ ಫೋನಿನಲ್ಲಿ, ಒಂದೇ ಮಾತು: ‘ಪಾದ ಹೆಂಗೈತಿ?’ ‘ಹಂಗ ಐತಪಾ, ಛಲೋ ಐತಿ.’ ಹೊದಿಕೆಯೊಳಗಿಂದ ಬೆರಳು ಅಲ್ಲಾಡಿಸಿಯೂ ತೋರಿಸುತ್ತಿದ್ದಳು. ನೆಮ್ಮದಿಯಿಂದ ನಾನು ಬೇರೆ ವಿಷಯಗಳ ಕಾಳಜಿಗೆ ಹೊರಡುತ್ತಿದ್ದೆ.

ಒಂದೂವರೆ ತಿಂಗಳ ಮೇಲೆ ಡಾಕ್ಟರು, ‘ಪಾದ ಮ್ಯಾಲೆತ್ತು’ ಎಂದರು. ಎಡಪಾದ ಎದ್ದಿತು. ಬಲಪಾದ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ‘ಎಷ್ಟ ದಿನಾತು ಹಿಂಗಾಗಿ?’ ಅಕ್ಕ ನನ್ನ ಮುಖ ನೋಡಿದಳು, ಡಾಕ್ಟರನ್ನು ನೋಡಿದಳು. ‘ನಾಕ ವಾರ ಆಗಿರಬೇಕ್ರಿ.’

‘ನನಗ್ಯಾಕ ಹೇಳಲಿಲ್ಲಬೇ?’ ಎಂದು ನಾನು ದವಾಖಾನೆಯಲ್ಲೇ ಕೂಗಿಬಿಟ್ಟೆ. ಹೊದಿಕೆಯಡಿ ಅಲ್ಲಾಡುತ್ತಿದ್ದದ್ದು ಯಾವ ಕಾಲಿನ ಬೆರಳು ಎಂದು ನಾನು ಒಂದು ದಿನವೂ ಹೊದಿಕೆ ಎತ್ತಿ ನೋಡಿರಲಿಲ್ಲ.

‘ಹೆಂಗ ಹೇಳ್ಲೋ? ಬರೇ ಸೀನು ಬಂದ್ರ ಗ್ವಾಡಿ ಹಿಡೀತಿ. ಇದನ್ನ ಕೇಳಿದ್ರ ನೀನ ಸಾಯ್ತಿದ್ದಿ.’

ಅಕ್ಕ ಆಯ್ಕೆಯಾದಳು. ತಡಮಾಡದೆ ತಿರುಪು ಹಾಕಿದರು. ಕಾಲಿಗೆ ಇಳಿಯುತ್ತಿದ್ದ ನೋವು ಹೋಗಿದೆ. ಈಗ ನಮ್ಮ ಓಣಿಯ ಕೊನೆಯವರೆಗೆ ಎಲ್ಲೂ ಕೂರದೆ ಹೋಗಿ ಬರುತ್ತಾಳೆ. ತಪಕೀರು ಮುಟ್ಟಿಲ್ಲ. ಬಲಪಾದ ಮಾತ್ರ ನೆಲ ಗೀರುತ್ತದೆ. ಆ ನಾಲ್ಕು ವಾರ ಮೊದಲೇ ಬಂದಿದ್ದರೆ ಅದು ಏಳುತ್ತಿತ್ತೋ ಏನೋ, ಡಾಕ್ಟರು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ. ಎಲುಬು ಬೆಸೆಯುತ್ತಿದೆಯೋ ಇಲ್ಲವೋ ಮುಂದಿನ ಫೋಟೊದಲ್ಲಿ ತಿಳಿಯಬೇಕು.

ನಾನು ಕೇಳುವ ರೀತಿಯನ್ನು ಬದಲಿಸಿಕೊಂಡಿದ್ದೇನೆ. ಪೇಪರು ಓದುತ್ತ, ಕಾಲ ಮೇಲೆ ಕಾಲು ಹಾಕಿಕೊಂಡು, ಯಾವ ಕಾಳಜಿಯೂ ಇಲ್ಲದವನ ಧಾಟಿಯಲ್ಲಿ ಕೇಳುತ್ತೇನೆ. ‘ಛಲೋ ಐತಿ’ ಎನ್ನುತ್ತಾಳೆ ಅಕ್ಕ. ಆಮೇಲೆ ಅಡುಗೆಮನೆಯಲ್ಲಿ ಅವಳೂ ಶಾಂತಾಳೂ ಏನನ್ನೋ ಮೆಲ್ಲಗೆ ಮಾತಾಡುತ್ತಿರುತ್ತಾರೆ. ನೀರು ಕುಡಿಯುವ ನೆಪದಿಂದ ನಾನು ಒಳಗೆ ಕಾಲಿಟ್ಟೊಡನೆ ಮೆಂತ್ಯಪಲ್ಯದ ಮಾತು ಶುರುವಾಗುತ್ತದೆ. ಮೆಂತ್ಯಪಲ್ಯದ ಬಗ್ಗೆ ಯಾರೂ ಅಷ್ಟು ಮೆಲ್ಲಗೆ ಮಾತಾಡುವುದಿಲ್ಲ.